ಬಡ್ತಿ ಯಾವ ದಿನಾಂಕದಿಂದ? ವಿಶ್ವವಿದ್ಯಾಲಯ ಅಧ್ಯಾಪಕರ ಪದೋನ್ನತಿ ವ್ಯಾಜ್ಯಗಳು ಹುಟ್ಟುವ ಬಗೆ

ಅಧ್ಯಾಪಕರ ಬಡ್ತಿ ವಿಚಾರ ಹೈಕೋರ್ಟಿಗೆ ಹೋಯಿತೆಂದರೆ, ಅರ್ಹರನ್ನು ಬಿಟ್ಟು ಬೇರೆ ಯಾರಿಗೋ ಹುದ್ದೆ ಕೊಟ್ಟಿರಬೇಕು ಎಂದು ಹೊರಗಿನವರು ಊಹಿಸುತ್ತಾರೆ. ಕಡತ ಬಿಚ್ಚಿ ನೋಡಿದರೆ ಅಲ್ಲಿರುವುದು ಹೆಚ್ಚಾಗಿ ಬೇರೆಯದೇ ಜಗಳ. ಅಧ್ಯಾಪಕರ ವಿದ್ವತ್ತನ್ನು ಯಾರೂ ಪ್ರಶ್ನಿಸಿರುವುದಿಲ್ಲ. ಅವರು ಮುಂದಿನ ಹಂತಕ್ಕೆ ಅರ್ಹರಾದದ್ದು ಯಾವ ದಿನ, ಆ ದಿನ ಜಾರಿಯಲ್ಲಿದ್ದದ್ದು ಯಾವ ನಿಯಮ ಎಂಬ ಎರಡು ಪ್ರಶ್ನೆಗಳಿಗೆ ವಿಶ್ವವಿದ್ಯಾಲಯ ಒಂದು ಉತ್ತರ ಕೊಟ್ಟಿರುತ್ತದೆ, ಅಧ್ಯಾಪಕರು ಇನ್ನೊಂದು. ಆ ವ್ಯತ್ಯಾಸ ಹಲವು ಲಕ್ಷ ರೂಪಾಯಿಯ ಹಿಂಬಾಕಿ, ಜ್ಯೇಷ್ಠತೆ, ವಿಭಾಗದ ಅಧ್ಯಕ್ಷತೆ, ಕೊನೆಗೆ ಪಿಂಚಣಿಯವರೆಗೂ ಹರಿದು ಹೋಗುತ್ತದೆ.

ಈ ಬಡ್ತಿ ಸರ್ಕಾರಿ ಕಚೇರಿಯ ಬಡ್ತಿಯಂತಲ್ಲ. ಕಚೇರಿಯಲ್ಲಿ ಮೇಲಿನ ಹುದ್ದೆ ಖಾಲಿಯಾದರೆ ಕೆಳಗಿನವರು ಏರುತ್ತಾರೆ. ವೃತ್ತಿ ಪದೋನ್ನತಿ ಯೋಜನೆಯಲ್ಲಿ, ಅಂದರೆ ಎಲ್ಲರ ಬಾಯಲ್ಲಿರುವ ಸಿಎಎಸ್‌ನಲ್ಲಿ, ಖಾಲಿ ಹುದ್ದೆಯ ಪ್ರಶ್ನೆಯೇ ಇಲ್ಲ. ಸಹಾಯಕ ಪ್ರಾಧ್ಯಾಪಕರು ತಾವು ಕುಳಿತ ಮಂಜೂರಾದ ಹುದ್ದೆಯಲ್ಲೇ ಸಹ ಪ್ರಾಧ್ಯಾಪಕರಾಗುತ್ತಾರೆ, ಅಲ್ಲೇ ಪ್ರಾಧ್ಯಾಪಕರೂ ಆಗುತ್ತಾರೆ. ಅವರು ನಿವೃತ್ತರಾದ ದಿನ ಹುದ್ದೆ ಮತ್ತೆ ಮೂಲ ಶ್ರೇಣಿಗೆ ಇಳಿಯುತ್ತದೆ. ಇದು ವ್ಯಕ್ತಿಗೆ ಸಿಗುವ ಬಡ್ತಿ. ಹಾಗಾಗಿ "ಹುದ್ದೆ ಇಲ್ಲ" ಎಂಬ ಕಾರಣ ಹೇಳಿ ಸಿಎಎಸ್ ಅರ್ಜಿಯನ್ನು ತಳ್ಳಿಹಾಕಿದರೆ ಆ ಆದೇಶ ನಿಲ್ಲುವುದು ಕಷ್ಟ.

ಈಗಿನ ವ್ಯವಸ್ಥೆಗೆ ಆಧಾರ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ಜುಲೈ 18ರ ನಿಯಮಾವಳಿ. ಪ್ರವೇಶ ಹಂತ ಲೆವೆಲ್ 10, ಆರಂಭಿಕ ಮೂಲವೇತನ 57,700 ರೂಪಾಯಿ. ಅಲ್ಲಿಂದ ಲೆವೆಲ್ 11ಕ್ಕೆ (68,900) ಏರಲು ಪಿಎಚ್‌ಡಿ ಇದ್ದವರಿಗೆ 4 ವರ್ಷ, ಎಂಫಿಲ್ ಅಥವಾ ಎಲ್‌ಎಲ್‌ಎಂ, ಎಂಟೆಕ್‌ನಂಥ ವೃತ್ತಿಪರ ಸ್ನಾತಕೋತ್ತರ ಪದವಿ ಇದ್ದವರಿಗೆ 5, ಎರಡೂ ಇಲ್ಲದವರಿಗೆ 6 ವರ್ಷ ಸೇವೆ ಬೇಕು. ಲೆವೆಲ್ 12ಕ್ಕೆ (79,800) ಇನ್ನೂ 5 ವರ್ಷ. ಅಲ್ಲಿ 3 ವರ್ಷ ಕಳೆದ ಮೇಲೆ 13ಎ, ಅಂದರೆ ಸಹ ಪ್ರಾಧ್ಯಾಪಕ (1,31,400). ಮತ್ತೆ 3 ವರ್ಷಕ್ಕೆ ಲೆವೆಲ್ 14, ಪ್ರಾಧ್ಯಾಪಕ (1,44,200). ಲೆವೆಲ್ 12 ಮತ್ತು 13ಎ ನಡುವಿನ ಅಂತರ ಆರಂಭಿಕ ವೇತನದಲ್ಲೇ 51,600 ರೂಪಾಯಿ. ಅತಿ ಹೆಚ್ಚು ವ್ಯಾಜ್ಯ ಕಾಣುವುದು ಇದೇ ಮೆಟ್ಟಿಲ ಸುತ್ತ ಎಂಬುದರಲ್ಲಿ ಆಶ್ಚರ್ಯವಿಲ್ಲ.

ಪಿಎಚ್‌ಡಿ ಪಡೆದೇ 2015ರ ಜುಲೈ 1ರಂದು ಸೇರಿದ ಒಬ್ಬರನ್ನು ಕಲ್ಪಿಸಿಕೊಳ್ಳಿ. ಎಲ್ಲ ಷರತ್ತು ಸಕಾಲದಲ್ಲಿ ಪೂರೈಸಿದರೆ ಅವರ ದಿನಾಂಕಗಳು 2019, 2024, 2027, 2030ರ ಜುಲೈ 1. ಈಗ ಮೊದಲ ಹಂತಕ್ಕೆ ಬೇಕಾದ ರಿಫ್ರೆಷರ್ ಕೋರ್ಸ್, ಅಂದರೆ ಅಧ್ಯಾಪಕರ ಅಲ್ಪಾವಧಿ ತರಬೇತಿ, ಮುಗಿದದ್ದು 2021ರ ಫೆಬ್ರವರಿ 10ಕ್ಕೆ ಎಂದಿಟ್ಟುಕೊಳ್ಳಿ. ಅರ್ಹತಾ ದಿನಾಂಕ ಅಲ್ಲಿಗೆ ಜರುಗುತ್ತದೆ. ಅದರ ಹಿಂದೆಯೇ ಉಳಿದ ಮೂರೂ 2026, 2029, 2032ರ ಫೆಬ್ರವರಿಗೆ ಜರುಗುತ್ತವೆ. ಮೊದಲ ಹಂತದಲ್ಲಿ ತಪ್ಪಿದ 19 ತಿಂಗಳು ಪ್ರತಿ ಹಂತದಲ್ಲೂ ಮತ್ತೆ ಮತ್ತೆ ವಸೂಲಾಗುತ್ತದೆ. ಲೆವೆಲ್ 11ರ ಆದೇಶ ಕೈಗೆ ಬಂದಾಗ ಸಿಕ್ಕಿತಲ್ಲ ಎಂಬ ಸಮಾಧಾನದಲ್ಲಿ ದಿನಾಂಕವನ್ನು ಓದದೆ ಬಿಟ್ಟವರು, ಎಂಟು ವರ್ಷ ಕಳೆದು ಸಹ ಪ್ರಾಧ್ಯಾಪಕರಾಗುವ ಹೊತ್ತಿಗೆ ಕೋರ್ಟಿನ ಬಾಗಿಲು ತಟ್ಟುತ್ತಾರೆ. ಅಷ್ಟರಲ್ಲಿ ಕಾಲ ಮೀರಿರುತ್ತದೆ.

ಕೋರ್ಸುಗಳ ವಿಷಯದಲ್ಲಿ ಇನ್ನೊಂದು ಮಾತು. ಓರಿಯೆಂಟೇಷನ್ ಮತ್ತು ರಿಫ್ರೆಷರ್ ಮುಗಿಸುವ ಗಡುವನ್ನು ಆಯೋಗ ಹಲವು ಸಲ ವಿಸ್ತರಿಸಿ ಪತ್ರ ಹೊರಡಿಸಿದೆ. ವಿಸ್ತರಿಸಿದ ಗಡುವಿನೊಳಗೆ ಕೋರ್ಸ್ ಮುಗಿಸಿದವರು ಮೂಲ ದಿನಾಂಕವನ್ನೇ ಕೇಳಲು ಆ ಪತ್ರಗಳು ಆಸರೆಯಾಗುತ್ತವೆ. ಕಚೇರಿ ಅವನ್ನು ಗಮನಿಸದೆ ಕೋರ್ಸ್ ಮುಗಿದ ದಿನವನ್ನೇ ಹಿಡಿದರೆ, ಆ ಕಾಲಕ್ಕೆ ಅನ್ವಯವಾಗುವ ಪತ್ರವನ್ನು ಹುಡುಕಿ ಮನವಿಗೆ ಲಗತ್ತಿಸುವುದು ಮೊದಲ ಕೆಲಸ. ಎಷ್ಟೋ ತಕರಾರು ಕೋರ್ಟಿನವರೆಗೆ ಹೋಗದೆ ಇಲ್ಲೇ ಮುಗಿಯಬಲ್ಲದು.

ಯಾವ ನಿಯಮ?

2018ರ ನಿಯಮಾವಳಿ ಬಂದಾಗ ಹಳೆಯ 2010ರ ನಿಯಮದಡಿ ಅಂಕ ಕೂಡಿಸುತ್ತ ಬಂದಿದ್ದವರು ನಡುದಾರಿಯಲ್ಲಿದ್ದರು. ಅವರಿಗೆ ಆಯ್ಕೆ ಕೊಡಲಾಯಿತು: ಅಧಿಸೂಚನೆಯಿಂದ ಮೂರು ವರ್ಷದೊಳಗೆ ಹಳೆಯ ನಿಯಮವನ್ನೇ ಆರಿಸಿಕೊಳ್ಳಬಹುದು. ಗಡುವು 2021ರ ಜುಲೈಗೆ ಮುಗಿಯಿತು. ಇಲ್ಲಿ ಎರಡು ಬಗೆಯ ಎಡವಟ್ಟು ನಡೆದಿದೆ. ಕೆಲವರು ಆಯ್ಕೆಯನ್ನು ಲಿಖಿತವಾಗಿ ಕೊಡಲೇ ಇಲ್ಲ, ಹಳೆಯ ನಮೂನೆಯಲ್ಲಿ ಅರ್ಜಿ ತುಂಬಿದ್ದೇ ಆಯ್ಕೆ ಎಂದು ನಂಬಿದರು. ಇನ್ನು ಕೆಲವರು ಒಂದೇ ಅರ್ಜಿಯಲ್ಲಿ ಸೇವಾವಧಿಗೆ ಒಂದು ನಿಯಮ, ಪ್ರಕಟಣೆಗೆ ಇನ್ನೊಂದು ನಿಯಮ ಎಂದು ಬೆರೆಸಿದರು. ತಮಗೆ ಅನುಕೂಲವಾದ ತುಂಡುಗಳನ್ನು ಎರಡೂ ಕಡೆಯಿಂದ ಆಯ್ದುಕೊಳ್ಳಲು ನಿಯಮದಲ್ಲಿ ಅವಕಾಶವಿಲ್ಲ.

ಮಧ್ಯದಲ್ಲಿ ನಿಯಮ ಬದಲಾದರೆ ಹಳೆಯದೇ ಅನ್ವಯವಾಗಬೇಕು ಎಂದು ವಾದಿಸುವವರು ಸುಪ್ರೀಂ ಕೋರ್ಟಿನ 1983ರ ರಂಗಯ್ಯ ತೀರ್ಪನ್ನು ಉದ್ಧರಿಸುವುದು ರೂಢಿ. ನಿಯಮ ತಿದ್ದುಪಡಿಗೆ ಮೊದಲು ಖಾಲಿಯಾದ ಹುದ್ದೆಗಳನ್ನು ಹಳೆಯ ನಿಯಮದಂತೆ ತುಂಬಬೇಕು ಎಂದಿತ್ತು ಆ ತೀರ್ಪು. ಹಿಮಾಚಲ ಪ್ರದೇಶದ ಪ್ರಕರಣವೊಂದರಲ್ಲಿ 2022ರಲ್ಲಿ ಸುಪ್ರೀಂ ಕೋರ್ಟೇ ಅದನ್ನು ಬದಿಗೆ ಸರಿಸಿತು. ಪರಿಗಣನೆಯ ದಿನ ಜಾರಿಯಲ್ಲಿರುವ ನಿಯಮದಡಿ ಪರಿಗಣಿಸಲ್ಪಡುವ ಹಕ್ಕಷ್ಟೇ ನೌಕರರಿಗೆ ಇದೆ ಎಂಬುದು ಈಗಿನ ನಿಲುವು. ರಂಗಯ್ಯ ತೀರ್ಪನ್ನೇ ನೆಚ್ಚಿ ಇವತ್ತು ರಿಟ್ ಬರೆಸಿದರೆ ಮೊದಲ ವಿಚಾರಣೆಯಲ್ಲೇ ನೆಲ ಕುಸಿಯುತ್ತದೆ. ಸಿಎಎಸ್‌ನಲ್ಲಿ ನಿಜವಾಗಿ ಹಿಡಿಯಬೇಕಾದದ್ದು ನಿಯಮಾವಳಿಯೊಳಗೇ ಇರುವ ಆಯ್ಕೆಯ ಕಲಮು ಮತ್ತು ಅರ್ಹತಾ ದಿನಾಂಕದ ಕಲಮು.

ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಇನ್ನೂ ಒಂದು ಗಂಟಿದೆ. ಆಯೋಗದ ನಿಯಮ ತಾನಾಗಿಯೇ ಅನ್ವಯವಾಗುತ್ತದೆಯೇ, ಇಲ್ಲ ರಾಜ್ಯ ಒಪ್ಪಿಕೊಂಡ ಮೇಲೆಯೇ? ಮಧುರೈ ಕಾಮರಾಜ್ ವಿಶ್ವವಿದ್ಯಾಲಯದ ಕುಲಪತಿ ನೇಮಕಕ್ಕೆ ಸಂಬಂಧಿಸಿದ 2015ರ ಕಲ್ಯಾಣಿ ಮತಿವಾಣನ್ ತೀರ್ಪು ರಾಜ್ಯ ಅಂಗೀಕರಿಸದ ಹೊರತು ಕಡ್ಡಾಯವಲ್ಲ ಎಂದಿತು. 2022ರಲ್ಲಿ ಗುಜರಾತಿನ ಸರ್ದಾರ್ ಪಟೇಲ್ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಅದೇ ನ್ಯಾಯಾಲಯ, ರಾಜ್ಯದ ಕಾನೂನು ಆಯೋಗದ ನಿಯಮಕ್ಕೆ ವಿರುದ್ಧವಾದರೆ ಆಯೋಗದ ನಿಯಮವೇ ಮೇಲು ಎಂದಿತು. ಎರಡೂ ಕಡೆಯ ವಕೀಲರು ಒಂದೊಂದು ತೀರ್ಪು ಹಿಡಿದು ನಿಲ್ಲುವುದಕ್ಕೆ ಇದೇ ಕಾರಣ. ಕರ್ನಾಟಕ ಸರ್ಕಾರ 2019ರಲ್ಲಿ ಆದೇಶ ಹೊರಡಿಸಿ ಏಳನೇ ವೇತನ ಆಯೋಗದ ಯುಜಿಸಿ ವೇತನ ಶ್ರೇಣಿಯನ್ನು ಜಾರಿಗೆ ತಂದಿದೆ. ಹೀಗಾಗಿ ಇಲ್ಲಿನ ಅರ್ಜಿಗಳು ನಿಯಮಾವಳಿ, ಸರ್ಕಾರಿ ಆದೇಶ, ಆಯಾ ವಿಶ್ವವಿದ್ಯಾಲಯದ ಪರಿನಿಯಮ ಮೂರನ್ನೂ ಪಕ್ಕಪಕ್ಕ ಇಟ್ಟೇ ಬರೆಯಬೇಕು. ಮೂರರ ಜಾರಿ ದಿನಾಂಕ ಒಂದೇ ಆಗಿರುವುದಿಲ್ಲ. ಇನ್ನು 2025ರ ಜನವರಿಯಲ್ಲಿ ಆಯೋಗ ಹೊಸ ಕರಡು ಪ್ರಕಟಿಸಿ, ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಅದನ್ನು ವಿರೋಧಿಸಿದವು. ಕರಡಿನಲ್ಲಿ ಏನೇ ಬರೆದಿರಲಿ, ಅದನ್ನು ಆಧರಿಸಿ ಬಡ್ತಿ ಕೇಳುವಂತೆಯೂ ಇಲ್ಲ, ನಿರಾಕರಿಸುವಂತೆಯೂ ಇಲ್ಲ.

ಸೇವೆಯ ಲೆಕ್ಕ, ಅಂಕದ ಲೆಕ್ಕ

ಹಿಂದಿನ ಸೇವೆಯನ್ನು ಎಣಿಸುವಲ್ಲಿ ಆಗುವಷ್ಟು ಅನ್ಯಾಯ ಬೇರೆಲ್ಲೂ ಆಗುವುದಿಲ್ಲ. ಬೇರೊಂದು ಕಾಲೇಜಿನಲ್ಲಿ ತಾತ್ಕಾಲಿಕ ಅಥವಾ ಗುತ್ತಿಗೆ ಮೇಲೆ ಒಂದು ವರ್ಷಕ್ಕಿಂತ ಹೆಚ್ಚು ಕಾಲ ಕಲಿಸಿದ್ದರೆ ಅದನ್ನು ಎಣಿಸಲು 2018ರ ನಿಯಮ ಒಪ್ಪುತ್ತದೆ. ಆದರೆ ಆಗ ಇದ್ದ ವಿದ್ಯಾರ್ಹತೆ ನಿಗದಿತ ಮಟ್ಟಕ್ಕಿಂತ ಕಡಿಮೆ ಇರಬಾರದು, ಕ್ರಮಬದ್ಧ ಆಯ್ಕೆ ಸಮಿತಿಯ ಶಿಫಾರಸಿನ ಮೇಲೆ ನೇಮಕವಾಗಿರಬೇಕು, ಕೈಗೆ ಬರುತ್ತಿದ್ದ ಒಟ್ಟು ಸಂಬಳ ಕಾಯಂ ಸಹಾಯಕ ಪ್ರಾಧ್ಯಾಪಕರ ಮಾಸಿಕ ಒಟ್ಟು ಸಂಬಳಕ್ಕಿಂತ ಕಡಿಮೆ ಇರಬಾರದು. ಈ ಮೂರನೆಯ ಷರತ್ತು ಅತಿಥಿ ಉಪನ್ಯಾಸಕರಾಗಿ ವರ್ಷಗಟ್ಟಲೆ ದುಡಿದವರ ಸೇವೆಯನ್ನು ಬಹುಮಟ್ಟಿಗೆ ಅಳಿಸಿಹಾಕುತ್ತದೆ. ಕಾಯಂ ಅಧ್ಯಾಪಕರಷ್ಟೇ ಪಾಠ ಮಾಡಿ, ಅವರ ಸಂಬಳದ ಒಂದು ಚೂರು ಪಡೆದವರಿಗೆ, ಕಡಿಮೆ ಸಂಬಳ ಪಡೆದದ್ದೇ ಅನರ್ಹತೆಯಾಗುವುದು ನೋವಿನ ಸಂಗತಿ. ಆದರೂ ನಿಯಮ ಇರುವವರೆಗೆ ಬರೀ ಅನುಭವ ಪ್ರಮಾಣಪತ್ರ ಹಿಡಿದು ಹೋದರೆ ಉಪಯೋಗವಿಲ್ಲ. ನೇಮಕಾತಿ ಆದೇಶ, ಆಯ್ಕೆ ಸಮಿತಿಯ ನಡವಳಿ, ಸಂಬಳದ ಬ್ಯಾಂಕ್ ದಾಖಲೆ ಮೂರೂ ಬೇಕು.

ಪಿಎಚ್‌ಡಿ ಮಾಡಿದ ಅವಧಿಯ ಬಗ್ಗೆಯೂ ಗೊಂದಲವಿದೆ. ರಜೆ ಹಾಕದೆ, ಪಾಠ ಮಾಡುತ್ತಲೇ ಸಂಶೋಧನೆ ಮಾಡಿದ್ದರೆ ಆ ಅವಧಿ ಬೋಧನಾನುಭವವೇ. ಆಗ ರಜೆ ತೆಗೆದುಕೊಂಡಿರಲಿಲ್ಲ ಎಂದು ಸೇವಾ ಪುಸ್ತಕದ ನಕಲಿನಿಂದ ತೋರಿಸಬೇಕು. ಸೇವೆಯ ನಡುವೆ ಪಿಎಚ್‌ಡಿ ಪಡೆದವರಲ್ಲಿ ದಿನಾಂಕದ ಜಗಳ ಮತ್ತೊಂದು ರೂಪದಲ್ಲಿ ಏಳುತ್ತದೆ. ಅಧ್ಯಾಪಕರು ಮೌಖಿಕ ಪರೀಕ್ಷೆಯ ದಿನ ಎನ್ನುತ್ತಾರೆ, ಕಚೇರಿ ಪದವಿ ಘೋಷಣೆಯ ಅಧಿಸೂಚನೆಯ ದಿನ ಎನ್ನುತ್ತದೆ. ಎರಡರ ನಡುವೆ ತಿಂಗಳುಗಳೇ ಕಳೆದಿರಬಹುದು. ಅಧಿಸೂಚನೆ ಕೈಗೆ ಬಂದ ದಿನವೇ ಅರ್ಜಿ ಕೊಟ್ಟರೆ ನಷ್ಟ ಅಷ್ಟಕ್ಕೇ ನಿಲ್ಲುತ್ತದೆ.

ವಿಶ್ವವಿದ್ಯಾಲಯದಲ್ಲಿ ಸಹ ಪ್ರಾಧ್ಯಾಪಕ ಹಂತಕ್ಕೆ ಪಿಎಚ್‌ಡಿ, ಒಟ್ಟು 7 ಪ್ರಕಟಣೆ (ಅವುಗಳಲ್ಲಿ 3 ಮೌಲ್ಯಮಾಪನ ಅವಧಿಯವು), ಒಬ್ಬರಾದರೂ ಪಿಎಚ್‌ಡಿ ವಿದ್ಯಾರ್ಥಿಗೆ ಮಾರ್ಗದರ್ಶನ, 70 ಸಂಶೋಧನಾಂಕ ಬೇಕು. ಪ್ರಾಧ್ಯಾಪಕ ಹಂತಕ್ಕೆ 10 ಪ್ರಕಟಣೆ ಮತ್ತು 110 ಅಂಕ. ಮಾನವಿಕ ವಿಷಯಗಳಲ್ಲಿ ಒಂದು ಲೇಖನಕ್ಕೆ 10 ಅಂಕ, ವಿಜ್ಞಾನದಲ್ಲಿ 8. ಇಬ್ಬರು ಬರೆದಿದ್ದರೆ ತಲಾ ಶೇ. 70. ಮೂವರು ಅಥವಾ ಹೆಚ್ಚಿದ್ದರೆ ಪ್ರಧಾನ ಲೇಖಕರಿಗೆ ಶೇ. 70, ಉಳಿದವರಿಗೆ ತಲಾ ಶೇ. 30. ಅಂದರೆ ಇಬ್ಬರ ಲೇಖನದಲ್ಲಿ 7 ಅಂಕ ಸಿಗುವವರಿಗೆ, ಮೂರನೆಯ ಹೆಸರೊಂದು ಸೇರಿ ತಾವು ಪ್ರಧಾನ ಲೇಖಕರಲ್ಲವೆಂದಾದರೆ 3 ಮಾತ್ರ. ಪಿಎಚ್‌ಡಿ ಪ್ರದಾನವಾದರೆ ಮಾರ್ಗದರ್ಶಕರಿಗೆ 10, ಸಹಮಾರ್ಗದರ್ಶಕರಿದ್ದರೆ ಇಬ್ಬರಿಗೂ ತಲಾ 7. ಆಹ್ವಾನಿತ ಉಪನ್ಯಾಸ ಮತ್ತು ನೀತಿ ದಾಖಲೆಗಳಿಂದ ಬರುವ ಅಂಕ ಒಟ್ಟಿನ ಶೇ. 30 ಮೀರುವಂತಿಲ್ಲ. ಇಷ್ಟು ಕೂಡಿಸಿ ಕಳೆದು ಹಾಳೆಯ ಮೇಲೆ 84 ಇದ್ದದ್ದು ಪರಿಶೀಲನೆಯಲ್ಲಿ 66ಕ್ಕೆ ಇಳಿದರೆ ಅದರಲ್ಲಿ ಯಾರ ದ್ವೇಷವೂ ಇರಬೇಕಿಲ್ಲ. ಸಹಲೇಖಕರ ಪಾಲಿನ ಲೆಕ್ಕ ತಪ್ಪಿದರೂ ಸಾಕು.

ನಿಯತಕಾಲಿಕೆಗಳ ಪಟ್ಟಿ ಮತ್ತೊಂದು ಬಲೆ. ಆಯೋಗ ತನ್ನ ಅನುಮೋದಿತ ಪಟ್ಟಿಯಿಂದ 2018ರ ಮೇ ತಿಂಗಳಲ್ಲಿ 4,305 ನಿಯತಕಾಲಿಕೆಗಳನ್ನು ಒಮ್ಮೆಗೇ ಕೈಬಿಟ್ಟಿತು. 2019ರಲ್ಲಿ ಅದರ ಜಾಗಕ್ಕೆ ಕೇರ್ ಎಂಬ ಹೊಸ ಪಟ್ಟಿ ಬಂತು, 2025ರ ಫೆಬ್ರವರಿಯಲ್ಲಿ ಅದನ್ನೂ ನಿಲ್ಲಿಸಲಾಯಿತು. ಲೇಖನ ಬಂದ ದಿನ ಪಟ್ಟಿಯಲ್ಲಿದ್ದ ಪತ್ರಿಕೆ ಸಮಿತಿ ಕುಳಿತ ದಿನ ಇರುವುದಿಲ್ಲ, ಸಮಿತಿ ಅಂಕ ಕತ್ತರಿಸುತ್ತದೆ. ಪ್ರಕಟವಾದ ದಿನದ ಪಟ್ಟಿಯೇ ಲೆಕ್ಕಕ್ಕೆ ಬರಬೇಕು ಎಂಬ ವಾದ ನನ್ನ ಮಟ್ಟಿಗೆ ನ್ಯಾಯವಾದದ್ದು. ಆದರೆ ಅಂದು ಪಟ್ಟಿ ಹೇಗಿತ್ತು ಎಂದು ಇಂದು ತೋರಿಸುವುದು ಅಧ್ಯಾಪಕರ ಹೊಣೆಯಾಗುತ್ತದೆ. ಲೇಖನ ಪ್ರಕಟವಾದ ವಾರವೇ ಪಟ್ಟಿಯ ಪುಟವನ್ನು ದಿನಾಂಕ ಸಮೇತ ಮುದ್ರಿಸಿಟ್ಟುಕೊಳ್ಳಿ.

ಹೆರಿಗೆ ರಜೆ, ಮಕ್ಕಳ ಪಾಲನಾ ರಜೆ, ವೈದ್ಯಕೀಯ ರಜೆ ತೆಗೆದುಕೊಂಡ ಅಧ್ಯಾಪಕಿಯರ ವಾರ್ಷಿಕ ಶ್ರೇಣಿಯನ್ನು, ತರಗತಿ ತೆಗೆದುಕೊಂಡದ್ದು ಶೇ. 70ಕ್ಕಿಂತ ಕಡಿಮೆ ಎಂದು "ಅತೃಪ್ತಿಕರ"ಕ್ಕೆ ಇಳಿಸಿದರೆ ಅದು ನೇರವಾಗಿ ನಿಯಮ ಮೀರಿದಂತೆ. ಆ ಅವಧಿಯನ್ನು ಬಿಟ್ಟು ಉಳಿದ ಅವಧಿಯನ್ನು ಅಳೆದು, ಅದನ್ನೇ ಇಡೀ ವರ್ಷಕ್ಕೆ ಹಿಗ್ಗಿಸಬೇಕು, ರಜೆಯ ಕಾರಣಕ್ಕೆ ಬಡ್ತಿಯಲ್ಲಿ ಯಾವ ತೊಡಕೂ ಆಗಬಾರದು ಎಂದು 2018ರ ನಿಯಮಾವಳಿ ಸ್ಪಷ್ಟವಾಗಿಯೇ ಬರೆದಿದೆ. ಈ ಸಾಲುಗಳನ್ನು ತಿಳಿಯದ ಕಚೇರಿಗಳಿವೆ. ಮನವಿಯಲ್ಲಿ ಅವನ್ನು ಹಾಗೆಯೇ ಎತ್ತಿ ಬರೆಯಿರಿ.

ಸಮಿತಿಯ ಮುಂದೆ, ಕೋರ್ಟಿನ ಮುಂದೆ

ನಾಲ್ಕು ಸುಪ್ರೀಂ ಕೋರ್ಟ್ ತೀರ್ಪುಗಳು ಈ ಕ್ಷೇತ್ರದ ಗಡಿಕಲ್ಲುಗಳು, ಎರಡು ನಮ್ಮ ಮೈಸೂರು ವಿಶ್ವವಿದ್ಯಾಲಯದವೇ. ಇಂಗ್ಲಿಷ್ ರೀಡರ್ (ಈಗಿನ ಸಹ ಪ್ರಾಧ್ಯಾಪಕರ ಹಳೆಯ ಹೆಸರು) ನೇಮಕವನ್ನು ಪ್ರಶ್ನಿಸಿದ 1963ರ ಗೋವಿಂದ ರಾವ್ ಪ್ರಕರಣ, ರೇಷ್ಮೆಕೃಷಿ ವಿಭಾಗದ ರೀಡರ್ ನೇಮಕ ಕುರಿತ 2010ರ ಬಸವಯ್ಯ ಪ್ರಕರಣ. ಎರಡರಲ್ಲೂ ಹೈಕೋರ್ಟ್ ನೇಮಕವನ್ನು ರದ್ದು ಮಾಡಿತ್ತು, ಸುಪ್ರೀಂ ಕೋರ್ಟ್ ಹೈಕೋರ್ಟಿನ ಆದೇಶವನ್ನೇ ತಳ್ಳಿಹಾಕಿತು. ತಜ್ಞರ ಸಮಿತಿ ಯೋಗ್ಯತೆಯ ಬಗ್ಗೆ ತಳೆದ ಅಭಿಪ್ರಾಯದ ಮೇಲೆ ನ್ಯಾಯಾಲಯ ಮೇಲ್ಮನವಿ ಪ್ರಾಧಿಕಾರದಂತೆ ಕೂರಬಾರದು ಎಂಬುದು ಸಾರ. ಮಹಾರಾಷ್ಟ್ರದ 1990ರ ಸೋಳುಂಕೆ ಪ್ರಕರಣದಲ್ಲೂ ಇದೇ ಮಾತು. ಹಾಗಾದರೆ ಕೋರ್ಟ್ ಏನನ್ನು ನೋಡುತ್ತದೆ? ಸಮಿತಿ ಸರಿಯಾಗಿ ರಚನೆಯಾಗಿತ್ತೇ, ಕೋರಂ, ಅಂದರೆ ಕನಿಷ್ಠ ಹಾಜರಾತಿ, ಇತ್ತೇ, ನಿಯಮಕ್ಕೆ ವಿರುದ್ಧವಾದ ಅಳತೆಗೋಲು ಬಳಸಲಾಯಿತೇ, ಪಕ್ಷಪಾತವಿತ್ತೇ. ಸಹ ಪ್ರಾಧ್ಯಾಪಕ ಮತ್ತು ಪ್ರಾಧ್ಯಾಪಕ ಹಂತದ ಆಯ್ಕೆ ಸಮಿತಿಗೆ ಕನಿಷ್ಠ 4 ಸದಸ್ಯರು, ಅವರಲ್ಲಿ ಇಬ್ಬರು ಹೊರಗಿನ ವಿಷಯ ತಜ್ಞರು ಹಾಜರಿರಬೇಕು. ಹಾಜರಿ ಹಾಳೆಯಲ್ಲಿ ಒಬ್ಬರೇ ತಜ್ಞರ ಸಹಿ ಇದ್ದರೆ, ಅಂಕಗಳ ಬಗ್ಗೆ ಪುಟಗಟ್ಟಲೆ ವಾದಿಸುವುದಕ್ಕಿಂತ ಆ ಒಂದು ಹಾಳೆ ಹೆಚ್ಚು ಕೆಲಸ ಮಾಡುತ್ತದೆ.

ಪಕ್ಷಪಾತದ ಆರೋಪಕ್ಕೆ ಹೊತ್ತು ಇದೆ. ಲಖನೌ ವಿಶ್ವವಿದ್ಯಾಲಯದ 1976ರ ಸರಣ ಪ್ರಕರಣವೇ ನಾಲ್ಕನೆಯ ಗಡಿಕಲ್ಲು. ಸಮಿತಿಯಲ್ಲಿ ಯಾರಿದ್ದಾರೆ ಎಂದು ಗೊತ್ತಿದ್ದೂ ಸುಮ್ಮನೆ ಸಂದರ್ಶನಕ್ಕೆ ಕುಳಿತು, ಆಯ್ಕೆಯಾಗದ ಮೇಲೆ ಆಕ್ಷೇಪ ತೆಗೆದರೆ ಕೋರ್ಟ್ ಕೇಳುವುದಿಲ್ಲ ಎಂದು ಅಲ್ಲಿ ತೀರ್ಮಾನವಾಯಿತು. ಆಕ್ಷೇಪವಿದ್ದರೆ ಸಂದರ್ಶನಕ್ಕೆ ಮೊದಲೇ ಕುಲಸಚಿವರಿಗೆ ಎರಡು ಸಾಲು ಬರೆದು ಸ್ವೀಕೃತಿ ಪಡೆಯಬೇಕು.

ಇಲಾಖಾ ವಿಚಾರಣೆ ಬಾಕಿ ಇದೆ ಎಂದು ಬಡ್ತಿ ತಡೆಹಿಡಿಯುವುದೂ ಉಂಟು. 1991ರ ಜಾನಕಿರಾಮನ್ ತೀರ್ಪಿನ ಪ್ರಕಾರ ಆರೋಪಪಟ್ಟಿ ಜಾರಿಯಾದ ಮೇಲಷ್ಟೇ ಮುಚ್ಚಿದ ಲಕೋಟೆಯ ಕ್ರಮ, ಅಂದರೆ ಸಮಿತಿಯ ತೀರ್ಮಾನವನ್ನು ವಿಚಾರಣೆ ಮುಗಿಯುವವರೆಗೆ ತೆರೆಯದೆ ಇಡುವ ಕ್ರಮ, ಅನುಸರಿಸಬಹುದು. ಯಾರೋ ಬರೆದ ದೂರು, ಪ್ರಾಥಮಿಕ ತನಿಖೆ, ಕಾರಣ ಕೇಳುವ ನೋಟಿಸು ಇದಕ್ಕೆ ಸಾಲದು.

ನಿವೃತ್ತಿ ಹತ್ತಿರವಿರುವವರ ಪಾಡು ಕಷ್ಟ. ಸಮಿತಿ ಪರಿಗಣಿಸುವ ದಿನ ಅರ್ಜಿದಾರರು ಸೇವೆಯಲ್ಲಿರಬೇಕು ಎನ್ನುತ್ತದೆ ನಿಯಮ. ಅರ್ಜಿ ಬಂದ 6 ತಿಂಗಳಲ್ಲಿ ಪ್ರಕ್ರಿಯೆ ಮುಗಿಸಬೇಕು ಎಂದೂ ಹೇಳುತ್ತದೆ, ಅದು ಪಾಲನೆಯಾಗುವುದು ಅಪರೂಪ. ನಿವೃತ್ತಿಗೆ ಎರಡು ವರ್ಷವಿರುವಾಗಲೇ, ಅರ್ಹತಾ ದಿನಾಂಕಕ್ಕೆ 3 ತಿಂಗಳು ಮೊದಲು ಅರ್ಜಿ ಕೊಟ್ಟು, 6 ತಿಂಗಳು ಕಳೆದೊಡನೆ ಸಮಿತಿ ಕರೆಯುವಂತೆ ನಿರ್ದೇಶನ ಕೋರಿ ರಿಟ್ ಹಾಕುವುದು ಇಂಥವರಿಗೆ ಇರುವ ನೇರ ದಾರಿ. ನಿವೃತ್ತಿಯ ನಂತರ ಅದೇ ಪ್ರಾರ್ಥನೆ (ಕೋರ್ಟಿನಲ್ಲಿ ಕೇಳುವ ಪರಿಹಾರ) ಬಹಳ ದುರ್ಬಲವಾಗುತ್ತದೆ.

ಬಡ್ತಿ ಸಿಕ್ಕ ಮೇಲೂ ಎರಡು ವ್ಯಾಜ್ಯ ಕಾದಿರುತ್ತವೆ. ಒಂದು ಜ್ಯೇಷ್ಠತೆ. 1983ರ ಅರ್ಹತಾ ಬಡ್ತಿ ಯೋಜನೆಯ ಕಾಲದ ವಿಕ್ರಂ ವಿಶ್ವವಿದ್ಯಾಲಯ ಪ್ರಕರಣದಲ್ಲಿ (1995) ವೈಯಕ್ತಿಕ ಬಡ್ತಿ ಪಡೆದವರನ್ನೂ ನೇರ ನೇಮಕವಾದವರನ್ನೂ ಒಂದೇ ಜ್ಯೇಷ್ಠತಾ ಪಟ್ಟಿಯಲ್ಲಿ ಬೆರೆಸಲಾಗದು ಎಂದು ಸುಪ್ರೀಂ ಕೋರ್ಟ್ ಹೇಳಿತ್ತು. ಈಗಿನ ನಿಯಮಾವಳಿಯಲ್ಲಿ ನೇರ ನೇಮಕವಾದವರಿಗೆ ವರದಿ ಮಾಡಿಕೊಂಡ ದಿನ, ಸಿಎಎಸ್ ಬಡ್ತಿಯವರಿಗೆ ಸಮಿತಿ ಶಿಫಾರಸಿನಲ್ಲಿರುವ ಅರ್ಹತಾ ದಿನ ಲೆಕ್ಕಕ್ಕೆ ಬರುತ್ತದೆ. ಆ ದಿನಾಂಕ ಹಿಂದಕ್ಕೆ ಸರಿದರೆ ಪಕ್ಕದ ಕೊಠಡಿಯ ಸಹೋದ್ಯೋಗಿ ಪಟ್ಟಿಯಲ್ಲಿ ಕೆಳಗಿಳಿಯುತ್ತಾರೆ. ಅವರನ್ನು ಪ್ರತಿವಾದಿ ಮಾಡದೆ ಹಾಕಿದ ರಿಟ್ ಅದೇ ಕಾರಣಕ್ಕೆ ಬಿದ್ದುಹೋಗಬಹುದು.

ಇನ್ನೊಂದು, ಲೆಕ್ಕಪರಿಶೋಧನೆಯ ಆಕ್ಷೇಪಣೆ. ಬಡ್ತಿ ದಿನಾಂಕ ತಪ್ಪು, ಹೆಚ್ಚುವರಿ ಸಂಬಳ ಮರಳಿಸಿ ಎಂಬ ನೋಟಿಸು ಏಳೆಂಟು ವರ್ಷದ ನಂತರವೂ ಬರಬಹುದು. 2014ರ ರಫೀಕ್ ಮಸೀಹ್ ತೀರ್ಪಿನಂತೆ ನಿವೃತ್ತರಿಂದ ಅಥವಾ ವರ್ಷದೊಳಗೆ ನಿವೃತ್ತರಾಗುವವರಿಂದ, ಹಾಗೆಯೇ ವಸೂಲಾತಿ ಆದೇಶಕ್ಕೆ ಮೊದಲು 5 ವರ್ಷಕ್ಕೂ ಹೆಚ್ಚು ಕಾಲ ಪಾವತಿಯಾಗಿದ್ದರೆ ವಸೂಲಿ ಸಲ್ಲದು. ಆದರೆ ವೇತನ ನಿಗದಿಯ ಹೊತ್ತಿನಲ್ಲಿ "ಹೆಚ್ಚಾಗಿದ್ದರೆ ಮರಳಿಸುತ್ತೇನೆ" ಎಂದು ಮುಚ್ಚಳಿಕೆ ಬರೆದುಕೊಟ್ಟವರಿಗೆ ಈ ರಕ್ಷಣೆ ಸಿಗದಿರಬಹುದು ಎಂದು 2016ರ ಜಗದೇವ್ ಸಿಂಗ್ ತೀರ್ಪು ಹೇಳಿದೆ. ಆ ಮುಚ್ಚಳಿಕೆಗೆ ಬಹುತೇಕರು ಓದದೆ ಸಹಿ ಹಾಕಿರುತ್ತಾರೆ.

ಎಲ್ಲಿಗೆ ಹೋಗಬೇಕು ಎಂಬುದು ನೌಕರಿಯ ಸ್ವರೂಪದ ಮೇಲಿದೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನವರು ರಾಜ್ಯ ಸರ್ಕಾರದ ನೌಕರರು. ಅವರು ಮೊದಲು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೇ ಹೋಗಬೇಕು, ಅಂತಿಮ ಆದೇಶದಿಂದ ಒಂದು ವರ್ಷದೊಳಗೆ. ವಿಶ್ವವಿದ್ಯಾಲಯದವರಿಗೆ 226ನೇ ವಿಧಿಯಡಿ ಹೈಕೋರ್ಟ್: ಬೆಂಗಳೂರು, ಇಲ್ಲವೇ ಧಾರವಾಡ, ಕಲಬುರಗಿ ಪೀಠ. ಏಕಸದಸ್ಯ ಪೀಠದ ಆದೇಶದ ಮೇಲೆ 30 ದಿನದೊಳಗೆ ವಿಭಾಗೀಯ ಪೀಠಕ್ಕೆ ರಿಟ್ ಮೇಲ್ಮನವಿ. ರಿಟ್‌ಗೆ ಕಾನೂನಿನಲ್ಲಿ ನಿಗದಿತ ಕಾಲಮಿತಿ ಇಲ್ಲದಿದ್ದರೂ ಬಡ್ತಿ ವಿಷಯದಲ್ಲಿ 6 ತಿಂಗಳು, ಹೆಚ್ಚೆಂದರೆ ಒಂದು ವರ್ಷದೊಳಗೆ ಬರಬೇಕು ಎಂದು ಸುಪ್ರೀಂ ಕೋರ್ಟ್ 1974ರಲ್ಲೇ ಹೇಳಿದೆ. ಮೇಲಿಂದ ಮೇಲೆ ಮನವಿ ಕೊಡುತ್ತ ಹೋದರೆ ಕಾಲ ಹೊಸದಾಗಿ ಆರಂಭವಾಗುವುದಿಲ್ಲ. ವಿಳಂಬದ ನಡುವೆಯೂ ವೇತನ ಪರಿಷ್ಕರಣೆ ಸಿಕ್ಕರೆ ಹಿಂಬಾಕಿ ಸಾಮಾನ್ಯವಾಗಿ ಅರ್ಜಿಗೆ ಹಿಂದಿನ 3 ವರ್ಷಕ್ಕೆ ಸೀಮಿತ.

ಮೊದಲು ಮಾಹಿತಿ ಹಕ್ಕಿನಡಿ ಸಮಿತಿಯ ನಡವಳಿ, ಹಾಜರಿ ಹಾಳೆ, ನಿಮ್ಮ ಅಂಕಪಟ್ಟಿ, ಸಿಂಡಿಕೇಟ್ (ವಿಶ್ವವಿದ್ಯಾಲಯದ ಆಡಳಿತ ಮಂಡಳಿ) ನಿರ್ಣಯ ಕೇಳಿ. ಉತ್ತರಕ್ಕೆ 30 ದಿನ. ತಜ್ಞರ ಹೆಸರನ್ನು ಮುಚ್ಚಿ ಕೊಡಬಹುದು. ನಿರಾಕರಣೆಯ ಆದೇಶದಲ್ಲಿ ಬರೆದಿರುವ ಕಾರಣವನ್ನು ಅಕ್ಷರಶಃ ಗುರುತಿಸಿಟ್ಟುಕೊಳ್ಳಿ, ಏಕೆಂದರೆ ಆದೇಶದಲ್ಲಿ ಇಲ್ಲದ ಕಾರಣವನ್ನು ನಂತರ ಕೋರ್ಟಿಗೆ ಸಲ್ಲಿಸುವ ಪ್ರಮಾಣಪತ್ರದ (ಅಫಿಡವಿಟ್) ಮೂಲಕ ಸೇರಿಸಲು ವಿಶ್ವವಿದ್ಯಾಲಯಕ್ಕೆ ಅವಕಾಶವಿಲ್ಲ, 1978ರ ಮೊಹಿಂದರ್ ಸಿಂಗ್ ಗಿಲ್ ತೀರ್ಪು ಅದನ್ನು ತಡೆಯುತ್ತದೆ. ಪ್ರಾರ್ಥನೆಯಲ್ಲಿ "ನನಗೆ ಬಡ್ತಿ ಕೊಡಿಸಿ" ಎಂದಷ್ಟೇ ಕೇಳಿದರೆ ನ್ಯಾಯಾಲಯ ಕೈಚೆಲ್ಲುವ ಸಾಧ್ಯತೆಯೇ ಹೆಚ್ಚು, ಸಂವಿಧಾನ ಕೊಟ್ಟಿರುವುದು ಪರಿಗಣಿಸಲ್ಪಡುವ ಹಕ್ಕು. ನಿರಾಕರಣೆಯ ಆದೇಶವನ್ನು ರದ್ದುಪಡಿಸಿ, ಇಂಥ ನಿಯಮದಡಿ, ಇಂಥ ದಿನಾಂಕದಿಂದ ಅನ್ವಯವಾಗುವಂತೆ, ಇಷ್ಟು ವಾರದೊಳಗೆ ಮರುಪರಿಗಣಿಸಬೇಕು, ಅರ್ಹರೆಂದು ಕಂಡರೆ ವೇತನ ವ್ಯತ್ಯಾಸ ಮತ್ತು ಜ್ಯೇಷ್ಠತೆ ಕೊಡಬೇಕು ಎಂದು ಬರೆಸಿ. ದಿನಾಂಕದ ಜಾಗವನ್ನು ಖಾಲಿ ಬಿಟ್ಟು "ಅರ್ಹ ದಿನಾಂಕದಿಂದ" ಎಂದು ಬರೆದ ಪ್ರಾರ್ಥನೆಗೆ ಗೆಲುವು ಸಿಕ್ಕರೂ, ಆ ಅರ್ಹ ದಿನಾಂಕ ಯಾವುದು ಎಂದು ತೀರ್ಮಾನಿಸಲು ಕಡತ ಮತ್ತೆ ಅದೇ ಕಚೇರಿಗೆ ಹೋಗುತ್ತದೆ.